ಇದರಲ್ಲಿ ನಾವು ಯಾರು?

ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸು. ಪಕ್ಕದಲ್ಲಿ ಕೂತಿದ್ದ ನಮ್ಮ ತಂಗಿಯ ಮಗ ತೊಡೆಯ ಮೇಲೆ ದಪ್ಪನೆಯ ಗೈಡೊಂದನ್ನು ಬಿಡಿಸಿಕೊಂಡಿದ್ದ. ಪಿ.ಎಸ್.ಐ. ಪರೀಕ್ಷೆಗೆ ಓದುತ್ತಿರುವ ಹುಡುಗ. ಬಸ್ಸು ಕುಲುಕಿದಾಗಲೆಲ್ಲ ಪೆನ್ಸಿಲ್ಲಿನಿಂದ ಹಾಕಿದ ಗುರುತು ಒಂದು ಉತ್ತರದಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಶಿರಾಳಕೊಪ್ಪ ಬರುವ ಹೊತ್ತಿಗೆ ಅವನು ನಮ್ಮತ್ತ ಪುಸ್ತಕ ವಾಲಿಸಿ ಒಂದು ಪ್ರಶ್ನೆ ತೋರಿಸಿದ. ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದ ನಿರ್ಣಾಯಕ ಕದನ ನಡೆದ ಸ್ಥಳ ಯಾವುದು? ಮಳವಳ್ಳಿ, ಬೆಂಗಳೂರು, ಶ್ರೀರಂಗಪಟ್ಟಣ, ಪೊಳ್ಳಿಲೂರು. ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆಯೇ ಇತ್ತು.

‘ಮಾಮು, ಇದರಲ್ಲಿ ನಾವು ಯಾರು?’ ಎಂದ.

ನಗು ಬಂತು. ಆಮೇಲೆ ನಗಲಾಗಲಿಲ್ಲ. ಮನೆಯಲ್ಲಿ ಅವನು ಕೇಳಿದ ಉರ್ದು ಮಾತಿನಲ್ಲಿ ಟಿಪ್ಪು ‘ಸುಲ್ತಾನ್ ಶಹೀದ್’. ಶಾಲೆಯ ಕನ್ನಡ ಪುಸ್ತಕದಲ್ಲಿ ಮೈಸೂರಿನ ಹುಲಿ. ಫೋನಿಗೆ ಬಂದು ಬೀಳುವ ಸಂದೇಶಗಳಲ್ಲಿ ಒಮ್ಮೆ ಸ್ವಾತಂತ್ರ್ಯವೀರ, ಇನ್ನೊಮ್ಮೆ ಮತಾಂಧ. ಅವನ ಜಯಂತಿಯನ್ನು ಒಂದು ಸರ್ಕಾರ 2015ರಲ್ಲಿ ಆರಂಭಿಸಿತು, ಇನ್ನೊಂದು ಸರ್ಕಾರ 2019ರಲ್ಲಿ ಕೈಬಿಟ್ಟಿತು. ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಇದೇ ಶಿಕಾರಿಪುರದಿಂದ ಗೆದ್ದವರು. ಇಷ್ಟೆಲ್ಲದರ ನಡುವೆ ಬೆಳೆದ ಹುಡುಗ ಗೆದ್ದವರ ಸಾಲಿನಲ್ಲಿ ನಿಲ್ಲಬೇಕೋ ಸೋತವರ ಸಾಲಿನಲ್ಲೋ ಎಂದು ಕೇಳಿದರೆ ಅದರಲ್ಲಿ ತಪ್ಪೇನಿದೆ? ಹೀಗೆ ಬರೆಯುವಾಗೆಲ್ಲ ‘ನಾವು’, ‘ನಾವು’ ಎನ್ನುವ ನಮ್ಮ ಅಭ್ಯಾಸಕ್ಕೂ ಆ ಪ್ರಶ್ನೆ ಚುಚ್ಚಿತು. ಈ ‘ನಾವು’ ಎಂಬುದರೊಳಗೆ ಯಾರು ಯಾರನ್ನು ಕೂರಿಸಿಕೊಂಡಿದ್ದೇವೆ, ಯಾರನ್ನು ಹೊರಗೆ ನಿಲ್ಲಿಸಿದ್ದೇವೆ ಎಂದು ಎಂದಾದರೂ ಲೆಕ್ಕ ಹಾಕಿದ್ದೆವೆಯೇ?

ಮೊದಲು ಆ ‘ನಿರ್ಣಾಯಕ’ ಎಂಬ ಪದವನ್ನೇ ನೋಡೋಣ. ಉರ್ದುವಿನಲ್ಲಿ ಇದಕ್ಕೆ ‘ಫೈಸಲಾಕುನ್ ಜಂಗ್’ ಎನ್ನುತ್ತಾರೆ. ಫೈಸಲಾ ಮಾಡುವ ಯುದ್ಧ. ಈ ಮಾತು ಕನ್ನಡಕ್ಕೂ ಹೊಸದಲ್ಲ. ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಯಾವ ರೈತನನ್ನು ಬೇಕಾದರೂ ಕೇಳಿ, ‘ಕೇಸು ಫೈಸಲಾಯ್ತು’ ಎಂದರೇನೆಂದು ಅವನು ಹೇಳುತ್ತಾನೆ. ಆದರೆ ಫೈಸಲಾ ಆಗಬೇಕಾದರೆ ಎರಡು ಕಕ್ಷಿಗಳ ಜೊತೆಗೆ ಮೂರನೆಯವನೊಬ್ಬ ಬೇಕು. ಅವನು ಖಾಜಿಯಿರಬಹುದು, ಪಂಚರಿರಬಹುದು, ನ್ಯಾಯಾಧೀಶನಿರಬಹುದು. ಯುದ್ಧದಲ್ಲಿ ಆ ಮೂರನೆಯವನು ಇರುವುದಿಲ್ಲ. ಒಬ್ಬ ಕಕ್ಷಿದಾರ ಇನ್ನೊಬ್ಬನನ್ನು ಕೊಂದು, ಖಾಲಿಯಾದ ನ್ಯಾಯಪೀಠದ ಮೇಲೆ ತಾನೇ ಹತ್ತಿ ಕೂತು, ತೀರ್ಪು ಓದುತ್ತಾನೆ. ಅದನ್ನು ನಾವು ನಿರ್ಣಯ ಎನ್ನುತ್ತೇವೆ. ಮಕ್ಕಳಿಗೆ ಅದನ್ನೇ ಪ್ರಶ್ನೆ ಮಾಡಿ ಒಂದು ಅಂಕ ಕೊಡುತ್ತೇವೆ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಒಡೆಯಿತು. ಟಿಪ್ಪು ಸತ್ತ. ಆ ರಾತ್ರಿಯೆಲ್ಲ ಪಟ್ಟಣ ಲೂಟಿಯಾಯಿತು. ನಂತರ ನಡೆದದ್ದೆಲ್ಲ ಕಾಗದದ ಕೆಲಸ. ಜೂನ್ ತಿಂಗಳಲ್ಲಿ ಕಂಪನಿ ಮತ್ತು ನಿಜಾಮರ ನಡುವೆ ರಾಜ್ಯ ಪಾಲಾಯಿತು. ಉಳಿದ ಭಾಗಕ್ಕೆ ಒಡೆಯರ ಮನೆತನದ ಐದು ವರ್ಷದ ಮಗುವನ್ನು ಪಟ್ಟಕ್ಕೆ ತಂದರು. ಟಿಪ್ಪುವಿನ ದಿವಾನರಾಗಿದ್ದ ಪೂರ್ಣಯ್ಯ ಹೊಸ ರಾಜನಿಗೂ ದಿವಾನರಾದರು. ಸೇನಾನಿ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು ಸಿಕ್ಕಿತು. ಸುಲ್ತಾನನ ಮಕ್ಕಳಿಗೆ ವೆಲ್ಲೂರಿನ ಕೋಟೆ ಮತ್ತು ಪಿಂಚಣಿ. ಸರದಾರರಿಗೂ ಅವರವರ ಅಂತಸ್ತಿಗೆ ತಕ್ಕಂತೆ ಏನಾದರೊಂದು ವ್ಯವಸ್ಥೆ. ಮೇಲಿನವರಿಗೆ ಯುದ್ಧ ಹೀಗೆ ಮುಗಿಯಿತು. ಹಿಂದೂ ದಿವಾನನಿಗೂ ಮುಸ್ಲಿಂ ಸೇನಾನಿಗೂ ಸಮನಾಗಿಯೇ ಮುಗಿಯಿತು ಎಂಬುದನ್ನು ಎರಡೂ ಕಡೆಯ ವೀರಾಭಿಮಾನಿಗಳು ಗಮನಿಸಬೇಕು.

ಆದರೆ ಸುಲ್ತಾನನ ಸೈನ್ಯದಲ್ಲಿ ಕುದುರೆ ಹತ್ತಿ ಬದುಕುತ್ತಿದ್ದ ಸಾವಿರಾರು ಜನ ಸಾಮಾನ್ಯ ಸವಾರರು? ಅವರಲ್ಲಿ ಸ್ವಲ್ಪ ಮಂದಿಗೆ ಹೊಸ ರಾಜನ ಪಡೆಯಲ್ಲಿ ಜಾಗ ಸಿಕ್ಕಿತು. ಮಿಕ್ಕವರನ್ನು ಮನೆಗೆ ಹೋಗಿ ಎಂದರು. ಅಪ್ಪನ ಕಾಲದಿಂದ ಸಂಬಳದ ಸಿಪಾಯಿಯಾಗಿ ಬದುಕಿದವನಿಗೆ ಮನೆಯೆಂದರೆ ಎಲ್ಲಿ, ಹೊಲವೆಂದರೆ ಯಾವುದು? ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದೇ ಮಧ್ಯಾಹ್ನದಲ್ಲಿ ಒಂದು ದೊಡ್ಡ ಇಲಾಖೆಯ ಬಾಗಿಲು ಮುಚ್ಚಿತು. ನೌಕರರ ಕೈಯಲ್ಲಿ ಕತ್ತಿಗಳು ಹಾಗೆಯೇ ಉಳಿದವು.

ನಮ್ಮ ಶಿಕಾರಿಪುರ ಚರಿತ್ರೆಗೆ ಬರುವುದು ಇಲ್ಲಿ. ಅದು ಗೈಡಿನಲ್ಲಿ ಇಲ್ಲದ ಭಾಗ.

ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಧೋಂಡಿಯಾ ವಾಘ್ ಎಂಬವನೊಬ್ಬ ಸಂಕೋಲೆಯಲ್ಲಿದ್ದ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠಾ. ಹೈದರನ ಕಾಲದಲ್ಲೇ ಕುದುರೆ ಪಡೆಗೆ ಸೇರಿದವನು. ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ ಟಿಪ್ಪುವನ್ನು ಬಿಟ್ಟು ಉತ್ತರಕ್ಕೆ ಸರಿದು, ಸವಣೂರು-ಧಾರವಾಡದ ಸೀಮೆಯಲ್ಲಿ ಸ್ವಂತ ದಂಡು ಕಟ್ಟಿ ಕೊಳ್ಳೆ ಹೊಡೆಯುತ್ತಿದ್ದ. ಟಿಪ್ಪು ಅವನನ್ನು ಮತ್ತೆ ಕರೆಸಿಕೊಂಡ, ಮುಸಲ್ಮಾನನನ್ನಾಗಿ ಮಾಡಿದ, ಕೊನೆಗೆ ಸೆರೆಗೆ ಹಾಕಿದ. ಮೇ 4ರ ಗೊಂದಲದಲ್ಲಿ ಕೈದಿಗಳೆಲ್ಲ ಬಿಡುಗಡೆಯಾದಾಗ ಅವನೂ ಹೊರಬಿದ್ದ. ಕೆಲಸ ಕಳೆದುಕೊಂಡ ಸವಾರರು ಅವನ ಹಿಂದೆ ಕೂಡಿದರು. ನೋಡನೋಡುತ್ತ ಬಿದನೂರಿನ ಸೀಮೆ, ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರ ಅವನ ಕೈಗೆ ಬಂದವು. ಉಭಯ ಲೋಕಗಳ ದೊರೆ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ. ಬಿರುದಿನ ವಿಷಯದಲ್ಲಿ ನಮ್ಮ ಜನ ಯಾವ ಕಾಲದಲ್ಲೂ ಕಂಜೂಸಿ ಮಾಡಿದವರಲ್ಲ.

ಕಂಪನಿ ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್‌ರ ಎರಡು ಪಡೆಗಳನ್ನು ಕಳಿಸಿತು. ಶಿವಮೊಗ್ಗ ಬಿತ್ತು, ಹೊನ್ನಾಳಿ ಬಿತ್ತು. 1799ರ ಆಗಸ್ಟ್‌ನಲ್ಲಿ, ತುಂಬು ಮಳೆಗಾಲದಲ್ಲಿ, ಶಿಕಾರಿಪುರದ ಬಳಿ ಧೋಂಡಿಯಾನ ದಂಡು ಮುರಿಯಿತು. ಶ್ರಾವಣದಲ್ಲಿ ಕುಮುದ್ವತಿ ಹೇಗಿರುತ್ತಾಳೆಂದು ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಧೋಂಡಿಯಾ ಗಡಿ ದಾಟಿ ಮರಾಠರ ನೆಲಕ್ಕೆ ಓಡಿದ. ಮರುವರ್ಷ ಮತ್ತೆ ಎದ್ದ. ಈ ಸಲ ಅವನನ್ನು ಬೆನ್ನಟ್ಟಿದವನು ಶ್ರೀರಂಗಪಟ್ಟಣದ ಆಡಳಿತ ಹೊತ್ತಿದ್ದ ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷಗಳ ನಂತರ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಧೋಂಡಿಯಾ ಎಲ್ಲಿ ಸಿಕ್ಕಿದರೂ ಎದುರಿಗೆ ಕಂಡ ಮೊದಲ ಮರಕ್ಕೆ ನೇತುಹಾಕಬೇಕು ಎಂಬುದು ವೆಲ್ಲೆಸ್ಲಿಗೆ ಬಂದಿದ್ದ ಆದೇಶ. ಮರದ ಅಗತ್ಯ ಬೀಳಲಿಲ್ಲ. 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಸೀಮೆಯಲ್ಲಿ, ಇಂಗ್ಲಿಷ್ ದಾಖಲೆಗಳು ಕೋನಗಲ್ ಎಂದು ಬರೆದ ಊರಿನ ಹತ್ತಿರ, ವೆಲ್ಲೆಸ್ಲಿ ನಾಲ್ಕು ರೆಜಿಮೆಂಟಿನ ಕುದುರೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿಸಿದ. ಧೋಂಡಿಯಾ ಕಾಳಗದಲ್ಲೇ ಸತ್ತ. ಹೆಣವನ್ನು ಫಿರಂಗಿಗೆ ಕಟ್ಟಿ ದಂಡಿನ ಬೀಡಿಗೆ ತಂದರು.

‘ಮೊದಲ ಮರ’ ಎಂಬ ಈ ಆದೇಶ ನಮ್ಮನ್ನು ಬಹಳ ದಿನ ಕಾಡಿದೆ. ಮೇ 3ರಂದು ಮೈಸೂರಿನ ಕುದುರೆ ಸವಾರನೊಬ್ಬ ಕಂಪನಿಯವರ ಕೈಗೆ ಸಿಕ್ಕಿದ್ದರೆ ಅವನು ಯುದ್ಧಕೈದಿ. ಅವನಿಗೆ ಕೂಳು ಹಾಕಬೇಕು, ಸಂಧಿಯಾದಾಗ ಬಿಡಬೇಕು. ಅದೇ ಮನುಷ್ಯ, ಅದೇ ಕುದುರೆ, ಅದೇ ಕತ್ತಿ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸಿಕ್ಕರೆ ಅವನು ದರೋಡೆಕೋರ. ಅವನಿಗೆ ಮರ. ನಡುವೆ ಅವನು ಮಾಡಿದ್ದೇನು? ಸೋತ ಸುದ್ದಿಯನ್ನು ಒಪ್ಪಿಕೊಳ್ಳಲಿಲ್ಲ ಅಷ್ಟೆ. ನಿರ್ಣಾಯಕ ಕದನ ಎಂದರೆ ಭೂಪಟದ ಬಣ್ಣ ಬದಲಾಗುವುದು ಎಂದು ನಮಗೆ ಕಲಿಸಿದ್ದಾರೆ. ಅದರ ನಿಜವಾದ ಕೆಲಸ ಹೆಸರು ಬದಲಿಸುವುದು. ಮಾಡುತ್ತಿರುವ ಕೆಲಸ ಬದಲಾಗಿರುವುದಿಲ್ಲ, ಮಾಡುವವನ ಹೆಸರು ಮಾತ್ರ ರಾತ್ರೋರಾತ್ರಿ ಬದಲಾಗಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಸೆ ಮನಸ್ಸಿನಲ್ಲಿ ತಲೆ ಎತ್ತುತ್ತದೆ. ಅದನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ಗೆದ್ದವನು ದರೋಡೆಕೋರ ಎಂದು ಕರೆದವನನ್ನು ವೀರ ಎಂದು ಕರೆದುಬಿಡೋಣ ಎಂಬ ಆಸೆ. ಧೋಂಡಿಯಾ ವಾಘ್ ಅಲ್ಲ, ಮಲಿಕ್ ಜಹಾನ್ ಖಾನ್ ಎಂದು ಅವನ ಇನ್ನೊಂದು ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಮೈಸೂರಿನ ಕೊನೆಯ ಮುಜಾಹಿದ್ ಎಂದು ನಮ್ಮ ಸಾಲಿಗೆ ಎಳೆದುಕೊಳ್ಳುವ ಆಸೆ. ಕತೆ ಬರೆಯುವವರಿಗೆ ಈ ಆಸೆ ಇನ್ನೂ ಜಾಸ್ತಿ. ಇಂಥ ಒಂದು ಕತೆಯನ್ನು ನಾವು ಅರ್ಧ ಬರೆದೂ ಇದ್ದೆವು. ಕೊನೆಯಲ್ಲಿ ಮಳೆ ಇತ್ತು, ನದಿ ಇತ್ತು, ಒಂಟಿ ಸವಾರ ಇದ್ದ. ಒಂದೆರಡು ವಿಷಯ ಗಂಟಲಲ್ಲಿ ಸಿಕ್ಕಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು.

ಮೊದಲನೆಯದು ಅವನ ಮತಾಂತರ. ಅದು ಬಲವಂತದ್ದು ಎಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಕಂಪನಿಯ ಮನುಷ್ಯ, ಟಿಪ್ಪುವಿನ ಬಗ್ಗೆ ಅವನ ಮಾತನ್ನೆಲ್ಲ ಉಪ್ಪು ಹಾಕಿಕೊಂಡೇ ನುಂಗಬೇಕು, ನಿಜ. ಆದರೆ ಸಂಕೋಲೆಯಲ್ಲಿಟ್ಟವನೊಬ್ಬ ಸ್ವಂತ ಇಚ್ಛೆಯಿಂದ ಕಲಿಮಾ ಓದಿದ ಎಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಧರ್ಮದಲ್ಲಿ ಬಲವಂತವಿಲ್ಲ ಎಂಬುದು ಕುರ್‌ಆನಿನ ನೇರ ಬೋಧೆ. ನಮ್ಮ ಸುಲ್ತಾನನೇ ಅದನ್ನು ಮೀರಿದ್ದರೆ ಮೀರಿದ ಎಂದು ಹೇಳಬೇಕಾದವರು ಮೊದಲು ನಾವೇ. ನ್ಯಾಯದ ಸಾಕ್ಷಿ ನಮ್ಮ ವಿರುದ್ಧ, ತಂದೆತಾಯಿಗಳ ವಿರುದ್ಧ, ಬಂಧುಗಳ ವಿರುದ್ಧ ಹೋದರೂ ಸಾಕ್ಷಿ ನುಡಿಯಬೇಕು ಎಂದು ಅದೇ ಗ್ರಂಥ ಹೇಳುತ್ತದಲ್ಲ? 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ಸ್ವಾಮಿಗಳಿಗೆ ಪತ್ರ ಬರೆದು, ಶಾರದೆಯ ವಿಗ್ರಹದ ಪ್ರತಿಷ್ಠಾಪನೆಗೆ ನೆರವು ಕಳಿಸಿದ ಟಿಪ್ಪುವನ್ನು ನಾವು ಎಲ್ಲ ವೇದಿಕೆಗಳಲ್ಲೂ ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಅರ್ಧ ಟಿಪ್ಪುವನ್ನು ಇಟ್ಟುಕೊಂಡು ಇನ್ನರ್ಧವನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರೆ, ಅವರೂ ಅದನ್ನೇ ಮಾಡುತ್ತಾರೆ, ಅರ್ಧವನ್ನೇ ಹಿಡಿದು ಮೆರವಣಿಗೆ ಹೊರಡಿಸುತ್ತಾರೆ.

ಎರಡನೆಯದು ಈ ಸೀಮೆಯ ರೈತ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಗದ್ದೆ, ಬೀಜ, ಕಂದಾಯ, ಜಾತಿ ಎಲ್ಲವನ್ನೂ ಕೇಳಿ ಕೇಳಿ ಬರೆದ. ಶಿವಮೊಗ್ಗಕ್ಕೆ ಬಂದಾಗ ಜನ ಅವನಿಗೆ ಹೇಳಿಕೊಂಡದ್ದು ಯಾರು ಗೆದ್ದರು ಎಂಬುದನ್ನಲ್ಲ. ಹತ್ತು ವರ್ಷಗಳ ಹಿಂದೆ, 1791ರ ಕೊನೆಯಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು ಬಂದು ಊರನ್ನು ಹೇಗೆ ಸುಲಿಯಿತು, ಸುಟ್ಟಿತು ಎಂಬುದನ್ನು. ಆ ದಂಡಿನ ಜೊತೆಗೇ ಕ್ಯಾಪ್ಟನ್ ಲಿಟ್ಲ್ ಎಂಬವನ ಕೈಕೆಳಗೆ ಕಂಪನಿಯ ಸಿಪಾಯಿಗಳಿದ್ದರು. ಶಿವಮೊಗ್ಗದ ಹತ್ತಿರ ಟಿಪ್ಪುವಿನ ಸೇನಾನಿ ರಜಾ ಸಾಹೇಬನನ್ನು ಸೋಲಿಸಿದವರು ಅವರೇ. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಲಿಟ್ಲ್‌ನ ಅದ್ಭುತ ಗೆಲುವು. ಶಿವಮೊಗ್ಗದವರಿಗೆ ಅದು ಮನೆ ಸುಟ್ಟ ವರ್ಷ. ಇಂಥ ನಾಡಿಗೆ ಎಂಟು ವರ್ಷಗಳ ನಂತರ ಧೋಂಡಿಯಾ ಬಂದ. ಅವನ ಸವಾರರಿಗೂ ಸಂಬಳ ಕೊಡುವ ಖಜಾನೆ ಇರಲಿಲ್ಲ. ಕುದುರೆಗೆ ಹುಲ್ಲು ಬೇಕು, ಸವಾರನಿಗೆ ಅಕ್ಕಿ ಬೇಕು. ಅದು ಎಲ್ಲಿಂದ ಬಂತು? ರೈತನ ಕಣಜದಿಂದ. ಆ ಕಣಜದ ಪಾಲಿಗೆ ಮರಾಠಾ ಪೇಂಡಾರಿ, ಮಲಿಕ್ ಜಹಾನ್ ಖಾನ್, ಕಂಪನಿಯ ಕರ್ನಲ್ ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬಂದವರು.

ಆದ್ದರಿಂದ ಗೆದ್ದವನು ಇಟ್ಟ ಹೆಸರು ಅನ್ಯಾಯದ್ದಾದರೂ, ಸೋತವನಿಗೆ ನಾವು ಇಡುವ ಹೆಸರು ತಾನಾಗಿಯೇ ನ್ಯಾಯದ್ದಾಗುವುದಿಲ್ಲ. ಸೋಲು ಒಬ್ಬನ ಮೇಲೆ ಕರುಣೆ ಹುಟ್ಟಿಸಬಹುದು, ಅವನನ್ನು ಒಳ್ಳೆಯವನನ್ನಾಗಿ ಮಾಡಲಾರದು. ಸೋತ ಸಮುದಾಯಗಳಿಗೆ ಇದು ಕಷ್ಟದ ಮಾತು, ನಮಗೂ ಕಷ್ಟದ್ದೇ. ಬಹಳ ಕಾಲ ಸೋತವರಿಗೆ ತಮ್ಮ ಹಳೆಯ ಸವಾರರೆಲ್ಲ ಬಿಳಿ ಕುದುರೆಯ ಮೇಲೇ ಕಾಣುತ್ತಾರೆ.

ಹಾಗಾದರೆ ಅವರನ್ನು ನೆನೆಯುವುದಾದರೂ ಹೇಗೆ? ಈ ಪ್ರಶ್ನೆಗೆ ಈ ಎರಡು ತಾಲ್ಲೂಕುಗಳ ಹೊಲದ ಬದುಗಳಲ್ಲೇ ಒಂದು ಹಳೆಯ ಉತ್ತರ ನಿಂತಿದೆ. ಶಿಕಾರಿಪುರ ಮತ್ತು ಸೊರಬ ವೀರಗಲ್ಲುಗಳ ಸೀಮೆ. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, ಸೊರಬದವನ್ನು ಎಂಟನೆಯದರಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಚ್ಚು ಹಾಕಿಸಿದ. ಬಳ್ಳಿಗಾವೆ, ತಾಳಗುಂದದಂಥ ಹೆಸರಾದ ಊರುಗಳಿರಲಿ, ಹೆಸರೇ ಕೇಳದ ಹಳ್ಳಿಯ ಕೆರೆ ಏರಿಯ ಮೇಲೂ, ದನದ ಕೊಟ್ಟಿಗೆಯ ಪಕ್ಕದಲ್ಲೂ ಒಂದು ವೀರಗಲ್ಲು ಇರುತ್ತದೆ. ನಾವು ಹುಡುಗರಾಗಿದ್ದಾಗ ಅದರ ಮೇಲೆ ಕೂತು ನೇರಳೆಹಣ್ಣು ತಿಂದಿದ್ದೇವೆ. ಏನು ಬರೆದಿದೆ ಎಂದು ಅಂದು ಯಾರೂ ಹೇಳಲಿಲ್ಲ. ಹಳಗನ್ನಡ ಓದುವಷ್ಟು ಬುದ್ಧಿ ಬಂದ ಮೇಲೆ, ಕೂತಿದ್ದು ನೆನಪಾಗಿ ನಾಚಿಕೆಯಾಯಿತು.

ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಪಟ್ಟಿಗಳಿರುತ್ತವೆ. ಕೆಳಗೆ ಕಾಳಗ. ನಡುವೆ ಸತ್ತವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿಯಲ್ಲಿ ಕೈಮುಗಿದು ಕೂತ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರ. ಯಾಕೆ ಸತ್ತ ಎಂಬುದನ್ನೂ ಹಲವು ಕಲ್ಲುಗಳು ಹೇಳುತ್ತವೆ. ತುರುಗೊಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು, ಅದನ್ನು ತಡೆಯಹೋಗಿ ಸತ್ತ. ಪೆಣ್ಬುಯ್ಯಲ್, ಹೆಣ್ಣುಮಕ್ಕಳ ಮೊರೆ ಕೇಳಿ ಓಡಿಹೋಗಿ ಸತ್ತ. ಊರಳಿವು, ಊರು ಹಾಳಾಗುವಾಗ ನಿಂತು ಸತ್ತ. ಗಮನಿಸಬೇಕಾದದ್ದೆಂದರೆ, ಆ ಕಾಳಗದಲ್ಲಿ ಯಾರು ಗೆದ್ದರು ಎಂಬುದು ಇಂಥ ಕಲ್ಲಿಗೆ ಮುಖ್ಯವಲ್ಲ. ದನ ವಾಪಸು ಬಂದವೋ ಇಲ್ಲವೋ, ರಾಜ ಉಳಿದನೋ ಇಲ್ಲವೋ, ಆ ಮನುಷ್ಯ ಯಾರಿಗಾಗಿ ನಿಂತ ಎಂಬುದಷ್ಟೇ ಅದರ ಲೆಕ್ಕ. ವೀರಗಲ್ಲಿನಲ್ಲೂ ಸಾಮಂತರ ಹೊಗಳಿಕೆ ಇದೆ, ಒಡೆಯನಿಗಾಗಿ ಸತ್ತ ಆಳಿನ ತಲೆಯನ್ನು ಸವರುವ ಜಾಣತನವೂ ಇದೆ. ಎಲ್ಲವೂ ಚೊಕ್ಕಟವೆಂದು ನಾವು ಹೇಳುತ್ತಿಲ್ಲ. ಆದರೂ ಗೆಲುವನ್ನು ಬಿಟ್ಟು ಸಾವನ್ನು ತೂಗುವ ತಕ್ಕಡಿಯೊಂದು ಈ ನೆಲದಲ್ಲಿ ಇತ್ತು.

ಅದರ ಪಕ್ಕದಲ್ಲಿ ಶ್ರೀರಂಗಪಟ್ಟಣದ ಪದಕವನ್ನು ಇಟ್ಟು ನೋಡಿ. ಗೆದ್ದ ಸೈನ್ಯಕ್ಕೆಂದು ಕಂಪನಿ ಇಂಗ್ಲೆಂಡಿನಲ್ಲಿ ಟಂಕಿಸಿದ ಪದಕ. ಅಂತಸ್ತಿಗೆ ತಕ್ಕ ಲೋಹ. ದೊಡ್ಡವರಿಗೆ ಚಿನ್ನ, ಅಲ್ಲಿಂದ ಇಳಿಯುತ್ತ ಇಳಿಯುತ್ತ ಸಾಮಾನ್ಯ ಸಿಪಾಯಿಗೆ ತವರ. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಳಗೆ ಕೆಡವಿದೆ. ಮೇಲಿನ ಬಾವುಟದಲ್ಲಿ ಅರಬಿ ಅಕ್ಷರಗಳು: ಅಸದುಲ್ಲಾಹಿಲ್ ಗಾಲಿಬ್, ಅಲ್ಲಾಹನ ವಿಜಯಶಾಲಿ ಸಿಂಹ. ಇದು ಹಜರತ್ ಅಲಿ(ರ) ಅವರ ಬಿರುದು. ಟಿಪ್ಪು ತನ್ನ ಆಯುಧಗಳ ಮೇಲೆ ಕೆತ್ತಿಸಿಕೊಂಡಿದ್ದ ಬಿರುದು. ಸಿಂಹಾಸನದ ಚಿನ್ನ ಮುರಿದು ಹಂಚಿಕೊಂಡರು, ಮರದ ಆಟಿಕೆಯ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ಅದಾಯಿತು. ದೇವರ ಸಿಂಹ ಯಾರ ಕಡೆಗಿದೆ ಎಂಬ ಮಾತನ್ನೂ ಲೂಟಿಯ ಮಾಲಿನ ಜೊತೆ ಎತ್ತಿಕೊಂಡು ಹೋದರು. ಆದರೆ ಟಿಪ್ಪುವಾದರೂ ಆ ಬಿರುದನ್ನು ಯಾರಿಂದ ಪಡೆದಿದ್ದ? ಗೆದ್ದಷ್ಟು ದಿನ ಅದು ತನ್ನದೆಂದುಕೊಂಡಿದ್ದ. ಗೆಲುವೇ ದೈವದ ಸಹಿ ಎಂದು ನಂಬಿದರೆ ಸೋತ ದಿನ ಆ ಸಹಿಯನ್ನು ವೈರಿಗೇ ಕೊಟ್ಟುಬಿಡಬೇಕಾಗುತ್ತದೆ. ಈ ಸಂಕಟದಿಂದ ಪಾರಾಗುವ ದಾರಿ ಮುಸಲ್ಮಾನರಿಗೆ ಗೊತ್ತಿರಬೇಕಾಗಿತ್ತು. ಏಕೆಂದರೆ ನಾವು ಪ್ರತಿವರ್ಷ ಅಳುವುದು ಸೋತ ಯುದ್ಧವೊಂದಕ್ಕೆ.

ಹಿಜರಿ 61ರ ಮೊಹರಮ್ ಹತ್ತರಂದು, ಕ್ರಿ.ಶ. 680ರಲ್ಲಿ, ಕರ್ಬಲಾದಲ್ಲಿ ಸಂಜೆಯೊಳಗೆ ಎಲ್ಲ ಮುಗಿದಿತ್ತು. ಸೈನಿಕ ಲೆಕ್ಕದಲ್ಲಿ ಅಷ್ಟು ಸ್ಪಷ್ಟವಾದ ‘ನಿರ್ಣಾಯಕ’ ಕದನ ಇನ್ನೊಂದಿಲ್ಲ. ಒಂದು ಕಡೆ ಬೆರಳೆಣಿಕೆಯ ಜನ, ಇನ್ನೊಂದು ಕಡೆ ಖಿಲಾಫತ್ತಿನ ದಂಡು. ಆದರೆ ಯಜೀದನ ಹೆಸರು ಇಟ್ಟ ಮಗುವನ್ನು ನಮ್ಮ ಓಣಿಯಲ್ಲಿ ನಾವು ಕಂಡಿಲ್ಲ. ಹುಸೇನ ಮಾತ್ರ ನಮ್ಮಲ್ಲೂ ಇದ್ದಾನೆ, ಹರಕೆ ಹೊತ್ತು ಹೆಸರಿಟ್ಟ ಹಿಂದೂ ಮನೆಗಳಲ್ಲೂ ಹುಸೇನಪ್ಪನಾಗಿ ಇದ್ದಾನೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುವವರು, ಪಂಜ ಹೊರುವವರು ಮುಸಲ್ಮಾನರೇ ಅಲ್ಲ. ಇದನ್ನು ಬಿದ್‌ಅತ್ ಎಂದು ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ಅರಬ್ಬರ ಒಂದು ಸೋಲು ತುಂಗಭದ್ರೆಯ ಸೀಮೆಯ ರೈತನಿಗೆ ಯಾಕೆ ತನ್ನದೆನಿಸಿತು? ಅವನ ಊರಿನ ವೀರಗಲ್ಲು ಅದನ್ನು ಮೊದಲೇ ಕಲಿಸಿತ್ತು ಎಂಬುದು ನಮ್ಮ ಊಹೆ.

ಇಮಾಮ್ ಹುಸೈನ್(ರ) ಅವರನ್ನೂ ಧೋಂಡಿಯಾನನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲವಷ್ಟೆ. ಇಬ್ಬರೂ ಸೋತರು, ಇಬ್ಬರ ದೇಹವನ್ನೂ ಗೆದ್ದವರು ಪ್ರದರ್ಶನಕ್ಕಿಟ್ಟರು. ಹೋಲಿಕೆ ಅಲ್ಲಿಗೆ ಮುಗಿಯಿತು. ಒಬ್ಬರು ಅನ್ಯಾಯದ ಕೈಗೆ ಬೈಅತ್ ಕೊಡಲಾರೆನೆಂದು ನಿಂತವರು. ಇನ್ನೊಬ್ಬ ತಾನೂ ದೊರೆಯಾಗಬೇಕೆಂದು ಹೊರಟವನು. ಸೋಲನ್ನೂ ಜರಡಿ ಹಿಡಿಯಬೇಕು ಎಂಬುದಕ್ಕೆ ಇದನ್ನು ಹೇಳಿದೆವು.

ಗೆಲುವಿನ ಮಾತಿಗೂ ನಮ್ಮಲ್ಲೊಂದು ಉದಾಹರಣೆಯಿದೆ. ಕ್ರಿ.ಶ. 630ರಲ್ಲಿ ಪ್ರವಾದಿ ಮುಹಮ್ಮದ್(ಸ) ಮಕ್ಕಾ ಪ್ರವೇಶಿಸಿದಾಗ, ತಮ್ಮನ್ನು ಊರು ಬಿಡಿಸಿದ ಕುರೈಷರು ತಲೆ ತಗ್ಗಿಸಿ ಎದುರಿಗೆ ನಿಂತಿದ್ದರು. ಹೋಗಿ, ನೀವು ಸ್ವತಂತ್ರರು ಎಂದರು. ಅವರಿಗೆ ‘ತುಲಕಾ’ ಎಂಬ ಹೆಸರು ಬಂತು, ಬಿಡುಗಡೆಯಾದವರು ಎಂದರ್ಥ. ಅಲ್ಲೂ ಗೆದ್ದವರು ಸೋತವರಿಗೆ ಹೆಸರಿಟ್ಟರು, ಆದರೆ ಎಂಥ ಹೆಸರು! ವಾಜ್ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಮಾತು ಕಹಿಯಾದದ್ದು. ಆ ದಿನ ಕ್ಷಮೆ ಪಡೆದ ಅಬೂ ಸುಫ್ಯಾನರ ಮೊಮ್ಮಗನೇ ಯಜೀದ್. ಐವತ್ತು ವರ್ಷಗಳ ನಂತರ ಅವನ ಆಳ್ವಿಕೆಯಲ್ಲೇ ಪ್ರವಾದಿಯ ಮೊಮ್ಮಗನ ತಲೆ ಉರುಳಿತು. ಹಾಗಾದರೆ ಮಕ್ಕಾದ ಕ್ಷಮೆ ತಪ್ಪಾಗಿತ್ತೆ? ರಾಜನೀತಿ ಬಲ್ಲವರು ಹೌದೆನ್ನಬಹುದು. ನಮಗೆ ಹಾಗೆನಿಸುವುದಿಲ್ಲ. ಕ್ಷಮಿಸಿದವರು ಫಲದ ಖಾತರಿ ಪಡೆದು ಕ್ಷಮಿಸಿದ್ದಲ್ಲ. ಮೊದಲ ಮರಕ್ಕೆ ನೇತುಹಾಕಿದವರಿಗೂ ಫಲದ ಖಾತರಿ ಸಿಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ‘ನಿರ್ಣಯ’ವಾದ ಏಳೇ ವರ್ಷಕ್ಕೆ ವೆಲ್ಲೂರಿನಲ್ಲಿ ಸಿಪಾಯಿಗಳು ಎದ್ದರು. ಇದೇ ಶಿವಮೊಗ್ಗ ಸೀಮೆಯಲ್ಲಿ 1830ರಲ್ಲಿ ನಗರದ ರೈತರು ಕಂದಾಯದ ಹಿಂಸೆಗೆ ಕೂಟ ಕಟ್ಟಿ ಎದ್ದರು. ಆ ದಂಗೆಯ ಬೆನ್ನಲ್ಲೇ, 1831ರಲ್ಲಿ, ಪಟ್ಟಕ್ಕೆ ತಂದ ಮಗುವೇ ದೊಡ್ಡವನಾಗಿ ಆಳುತ್ತಿದ್ದಾಗ, ಕಂಪನಿ ಅವನ ಕೈಯಿಂದ ಆಡಳಿತ ಕಿತ್ತುಕೊಂಡಿತು. ಫೈಸಲಾದ ಕೇಸು ಮೂವತ್ತೆರಡು ವರ್ಷ ಕೂಡ ಫೈಸಲಾಗಿ ಉಳಿಯಲಿಲ್ಲ.

ವೆಲ್ಲೆಸ್ಲಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ನಮ್ಮ ಸಾಕ್ಷಿಯೂ ಅರ್ಧವಾಗುತ್ತದೆ. ಕೋನಗಲ್ಲಿನ ಕಾಳಗದ ನಂತರ ಧೋಂಡಿಯಾನ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಆಸುಪಾಸಿನ ಒಂದು ಗಂಡುಮಗು ಸಿಕ್ಕಿತು. ಸಲಾಬತ್ ಖಾನ್, ಧೋಂಡಿಯಾನ ಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕಿದ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಅವನ ಖರ್ಚಿಗೆಂದು ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ಸತ್ತ. ತಂದೆಗೆ ಮರವನ್ನು ಹುಡುಕುತ್ತಿದ್ದ ಕೈಯೇ ಮಗನ ತಲೆ 쓰다듬 ಸವರಿತು. ವಾಟರ್ಲೂ ಗೆದ್ದ ಮೇಲೆ ಅದೇ ಮನುಷ್ಯ, ಸೋತ ಯುದ್ಧವೊಂದನ್ನು ಬಿಟ್ಟರೆ ಗೆದ್ದ ಯುದ್ಧದಷ್ಟು ದುಃಖದ್ದು ಬೇರೆ ಇಲ್ಲ ಎಂಬರ್ಥದ ಮಾತು ಬರೆದ. ಅವನಿಗೂ ಏನೋ ಕಂಡಿರಬೇಕು.

ಇಷ್ಟನ್ನೂ ನಾವು ಆ ಹುಡುಗನಿಗೆ ಬಸ್ಸಿನಲ್ಲಿ ಹೇಳಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಶಿಕಾರಿಪುರ ಬಂತು. ಹೈದರನ ಬೇಟೆಯಿಂದ ಈ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ, ಅದಾದರೂ ಗೊತ್ತೇ ಎಂದು ಕೇಳಿದೆವು. ‘ಅದು ಪರೀಕ್ಷೆಗೆ ಬರಲ್ಲ ಮಾಮು’ ಎಂದ. ಚಹಾದಂಗಡಿಯಲ್ಲಿ ಕೂತು ಅವನು ಮತ್ತೆ ಗೈಡು ತೆಗೆದ. ಈ ಸಲ ಅವನಿಗೆ ಪೂರ್ತಿ ಗೊತ್ತಿದ್ದ ಪಾಠ, ನಮ್ಮ ತಾಲ್ಲೂಕಿನದೇ. ಈಸೂರು.

ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ತಮ್ಮದು ಸ್ವತಂತ್ರ ಸರ್ಕಾರ ಎಂದು ಸಾರಿದರು. ಮೀಸೆ ಮೂಡದ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ 28ರಂದು ಸರ್ಕಾರದ ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ನಿಜವಾದ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಘರ್ಷಣೆಯಾಗಿ ಇಬ್ಬರೂ ಸತ್ತರು. ನಂತರ ಊರಿನ ಮೇಲೆ ಪೊಲೀಸರೂ ಸೈನಿಕರೂ ಬಿದ್ದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಮೈಸೂರು ಸಂಸ್ಥಾನ, 1799ರ ಫೈಸಲಾದಿಂದ ಮತ್ತೆ ಹುಟ್ಟಿದ ಅದೇ ಸಂಸ್ಥಾನ. ಗಲ್ಲಿಗೇರುವಾಗ ಕಾನೂನಿನ ಕಣ್ಣಿನಲ್ಲಿ ಅವರು ಕೊಲೆಗಾರರು. ನಾಲ್ಕು ವರ್ಷದಲ್ಲಿ ಹೆಸರು ಬದಲಾಯಿತು. ಇಂದು ಅವರು ಹುತಾತ್ಮರು, ಹಾಗೆ ಕರೆಯುವುದೇ ಸರಿ ಎಂದು ನಾವೂ ನಂಬಿದ್ದೇವೆ.

ಹುಡುಗ ಐದು ಹೆಸರುಗಳನ್ನೂ ಕಣ್ಣು ಮುಚ್ಚಿ ಒಪ್ಪಿಸಿದ. ಒಂದೂ ತಪ್ಪಲಿಲ್ಲ. ಆಮೇಲೆ ಗೈಡಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತ. ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹತರಾದರು ಎಂಬ ಸಾಲು.

‘ಈ ಕೆಂಚೇಗೌಡರು ನನ್ನ ಪೋಸ್ಟಿನವರು ಮಾಮು’ ಎಂದ.

ಪರೀಕ್ಷೆ ಪಾಸಾಗಲಿ, ಆಮೇಲೆ ಪೋಸ್ಟು ಎಂದು ನಾವು ನಗೆಯಾಡಿದೆವು. ಅವನು ನಗಲಿಲ್ಲ. ಆ ದಿನ ಅವರಿಗೆ ಮೇಲಿನಿಂದ ಆರ್ಡರ್ ಬಂದಿರುತ್ತದಲ್ಲ, ಹೋಗಲ್ಲ ಅನ್ನಬಹುದಿತ್ತಾ ಎಂದು ಕೇಳಿದ. ಚಹಾ ಆರುತ್ತಿತ್ತು. ಸೊರಬಕ್ಕೆ ವಾಪಸು ಹೋಗುವ ಬಸ್ಸಿನ ಕಂಡಕ್ಟರು ಶಿರಾಳಕೊಪ್ಪ, ಶಿರಾಳಕೊಪ್ಪ ಎಂದು ಕೂಗುತ್ತಿದ್ದ. ಹುಡುಗ ಗೈಡು ಮುಚ್ಚದೆ, ನಮ್ಮ ಮುಖವನ್ನೇ ನೋಡುತ್ತ ಕೂತಿದ್ದ.